ಈರುಳ್ಳಿ ಬಾರದ ದಿನಗಳು

ಅಥವಾ ಈರುಳ್ಳಿಯ ಲೆಕ್ಕ ಕೇಳಿದ ಆ ಮೊದಲ ಮೇಲ್ ಬಂದಾಗ ನಾನು ಯಾವುದೋ ಕೆಲಸಕ್ಕೆ ನಾಸಿಕ್‌ಗೆ ಹೋಗಿದ್ದೆನೇನೋ. ನೆನಪಿನಲ್ಲಿ ಮಾತ್ರ ಅದನ್ನು ಔರಂಗಾಬಾದಿನ ಬಾಡಿಗೆ ಕೋಣೆಯಲ್ಲಿ, ನೀಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಓದುತ್ತೇನೆ. ಆ ಕುರ್ಚಿ ಕೊಂಡದ್ದು ಮರುವರ್ಷ. ಊರಿಗೂ ಈಗ ಆ ಹೆಸರಿಲ್ಲ, ಛತ್ರಪತಿ ಸಂಭಾಜಿನಗರವಾಗಿದೆ. ಕುರ್ಚಿಯನ್ನು ನಂಬುವಂತಿಲ್ಲ, ಕೆಲಸದ ಬಗ್ಗೆ ಹೇಳುತ್ತೇನೆ.

ನಾಸಿಕ್ ಪಕ್ಕದ ಓಝರ್‌ನ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಅಪ್ಪ, ಅಮ್ಮನ ಜೊತೆ ಧಾರವಾಡಕ್ಕೆ ಅಣ್ಣನ ಮನೆಗೆ ಹೋದರು. ನಾನು ಔರಂಗಾಬಾದಿನ ಒಂದು ಕಂಪನಿ ಸೇರಿದೆ. ಕಂಪನಿ ಮುಚ್ಚಿತು, ನಾನು ಕೋಣೆ ಬಿಡಲಿಲ್ಲ. ಕೂತಲ್ಲಿಂದಲೇ ದೂರದವರಿಗೆ ಮಾಹಿತಿ ಹುಡುಕಿಕೊಡುವ ವರ್ಚುವಲ್ ಅಸಿಸ್ಟೆಂಟ್ ಆದೆ.

“ಅಂದ್ರ ಯಾರ ಕೈಯಾಗ ಕೆಲಸಾ ಮಾಡ್ತೀ?” ಅಮ್ಮ ಫೋನಿನಲ್ಲಿ ಕೇಳಿದಳು.

“ಇಂಟರ್ನೆಟ್‌ನ್ಯಾಗ, ಅಮ್ಮಾ.”

“ಅಲ್ಲೆ ಮಂದಿ ಇರ್ತಾರೋ ಇಲ್ಲೋ?”

ಇದ್ದರು, ಒಬ್ಬರು. ಬೇರೆ ದೇಶದ ಹೆಂಗಸು, ಈರುಳ್ಳಿ ಸಂತೆಗಳ ಬಗ್ಗೆ ವರದಿ ಬರೆಯುತ್ತಿದ್ದರು. ನಾಸಿಕ್ ಜಿಲ್ಲೆಯ ಲಾಸಲಗಾಂವ್ ಮಾರುಕಟ್ಟೆಗೆ ಮೂರು ವರ್ಷಗಳಲ್ಲಿ ದಿನದಿನವೂ ಬಂದ ಈರುಳ್ಳಿಯ ಪಟ್ಟಿ ಅವರಿಗೆ ಬೇಕಿತ್ತು. ಮೇಲ್‌ಗಳು ಉದ್ದ. ಹರಾಜಿನಲ್ಲಿ ಯಾರು ಮೊದಲು ಕೂಗುತ್ತಾರೆ, ಅಲ್ಲಿಯ ಗಾಳಿಗೆ ನಿಮ್ಮ ಕಣ್ಣೂ ಉರಿಯುತ್ತದೆಯೇ ಎಂದೆಲ್ಲ ಕೇಳುತ್ತಿದ್ದರು. ಆ ದಿನಗಳಲ್ಲಿ ನನ್ನನ್ನು ಏನಾದರೂ ಕೇಳುತ್ತಿದ್ದವರು ಅವರೊಬ್ಬರೇ. ಕೆಲವು ದಿನ ನಾನು ಬಾಯಿಬಿಟ್ಟು ಆಡಿದ ಮಾತೆಂದರೆ ಹಾಲಿನವನಿಗೆ ಹೇಳಿದ “ಅರ್ಧಾ ಲೀಟರ್” ಅಷ್ಟೇ.

ಮಾರುಕಟ್ಟೆಯ ವೆಬ್‌ಸೈಟಿನಿಂದ ಇಳಿಸಿಕೊಂಡ ಪಟ್ಟಿಯಲ್ಲಿ ಭಾನುವಾರಗಳನ್ನು ಬಿಟ್ಟರೂ ತಿಂಗಳಿಗೊಂದು ದಿನ ಖಾಲಿ ಇರುತ್ತಿತ್ತು. ಯಾರೋ ಗುಮಾಸ್ತ ಟೈಪ್ ಮಾಡಲು ಮರೆತಿದ್ದಾನೆ ಅಂದುಕೊಂಡೆ. ಹಿಂದಿನ ದಿನದ್ದನ್ನೂ ಮರುದಿನದ್ದನ್ನೂ ಕೂಡಿಸಿ, ಅರ್ಧ ಮಾಡಿ, ತುಂಬಿಸಿದೆ. ಹಾಗೆ ಮಾಡಿದ್ದೇನೆಂದು ಎಲ್ಲೂ ಬರೆಯಲಿಲ್ಲ. ಇಷ್ಟು ಪೂರ್ಣವಾದ ಪಟ್ಟಿ ತಮಗೆ ಯಾರೂ ಕೊಟ್ಟಿರಲಿಲ್ಲ ಎಂದು ಅವರು ಬರೆದರು. ಅದನ್ನು ಎಷ್ಟು ಸಲ ಓದಿದೆನೋ.

ಆಮೇಲೆ, ಹೋಟೆಲಿನವರು ಈರುಳ್ಳಿ ಹೇಗೆ ಕೊಳ್ಳುತ್ತಾರೆ ವಿಚಾರಿಸಿ ಎಂದರು. ನಾಸಿಕ್‌ನಲ್ಲಿ ನಾವು ಚಿಕ್ಕಂದಿನಲ್ಲಿ ಹೋಗುತ್ತಿದ್ದ ಹೋಟೆಲಿನ ಮಾಲೀಕರಿಗೆ ಫೋನ್ ಮಾಡಿದೆ. ಕುಂದಾಪುರದ ಕಡೆಯವರು.

“ಓಝರ್ ಟೌನ್‌ಶಿಪ್ಪಿನವರ ಮಗಳಾ? ಎರಡು ದೋಸೆ ತಿಂದು ಐಸ್‌ಕ್ರೀಮಿಗೆ ಅಳ್ತಿದ್ದವಳು!”

“ಅದು ನಮ್ಮ ಅಣ್ಣ, ಅಂಕಲ್. ಫಾರಿನ್ನಿನವರೊಬ್ಬರು ಕೇಳ್ಯಾರ, ಉಳ್ಳಾಗಡ್ಡಿ ಯಾವಾಗ ತರಸ್ತೀರಿ?”

“ದಿನಾ. ಅಮಾಸೆಗೆ ಮಾತ್ರ ಹಿಂದಿನ ದಿನವೇ ಡಬ್ಬಲ್ ತರಿಸಿ ಇಡುವುದು.”

“ಯಾಕ್ರೀ?”

“ಎಂಥ ಯಾಕೆ ಮಾರಾಯ್ತಿ! ಅಮಾಸೆ ದಿನ ಲಾಸಲಗಾಂವ್‌ನಲ್ಲಿ ಹರಾಜೇ ಇಲ್ಲ. ಪಕ್ಕದಲ್ಲೇ ಬೆಳೆದವಳು ನೀನು, ಇದೂ ಗೊತ್ತಿಲ್ಲದೆ ಫಾರಿನ್ನಿನವರಿಗೆ ಹೇಳಿಕೊಡುದಾ?”

ಅವರು ನಕ್ಕರು. ನಾನೂ ನಕ್ಕಿರಬೇಕು.

ಗೋಡೆಯ ಮರಾಠಿ ಕ್ಯಾಲೆಂಡರ್ ತೆಗೆದು ನೋಡಿದೆ. ಹಳೆಯ ವರ್ಷಗಳದ್ದನ್ನು ಮನೆ ಮಾಲಕಿಯಿಂದ ಕೇಳಿ ತಂದೆ. ನಾನು ತುಂಬಿಸಿದ ದಿನಗಳೆಲ್ಲ ಹೆಚ್ಚುಕಡಿಮೆ ಅಮಾವಾಸ್ಯೆಗಳೇ. ಬೀಗ ಹಾಕಿದ ಮಾರುಕಟ್ಟೆಗೆ ನಾನು ಟ್ರ್ಯಾಕ್ಟರ್‌ಗಟ್ಟಲೆ ಈರುಳ್ಳಿ ಕಳಿಸಿದ್ದೆ. ನಮ್ಮ ಮನೆಯಲ್ಲಿ ಅಮಾವಾಸ್ಯೆ ಎಂದರೆ ಅಮ್ಮ ಹೋಳಿಗೆ ಮಾಡುವ ದಿನ. ಅಂದು ಯಾರಾದರೂ ವ್ಯಾಪಾರ ನಿಲ್ಲಿಸುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ.

ಮೂರು ದಿನ ಪಟ್ಟಿ ತೆರೆಯಲಿಲ್ಲ. ಹೇಳಿದರೆ ಆ ಉದ್ದನೆಯ ಮೇಲ್‌ಗಳು ನಿಲ್ಲುತ್ತವೆ. ಹೇಳದಿದ್ದರೆ ಅವರ ವರದಿಯಲ್ಲಿ ಇಲ್ಲದ ಈರುಳ್ಳಿ ಉಳಿದುಬಿಡುತ್ತದೆ. ಕೊನೆಗೆ ಆ ದಿನಗಳನ್ನು ಮತ್ತೆ ಖಾಲಿ ಮಾಡಿ, ಪಕ್ಕದಲ್ಲಿ ‘ಅಮಾವಾಸ್ಯೆ, ರಜೆ’ ಎಂದು ಬರೆದು ಕಳಿಸಿದೆ. ‘ಅವನ್ನು ನಾನೇ ತುಂಬಿಸಿದ್ದೆ’ ಎಂದು ಸ್ಪಷ್ಟವಾಗಿ ಒಪ್ಪಿಕೊಂಡೆ ಎಂದೇ ನೆನಪು. ‘ಕೆಲವು ತಪ್ಪುಗಳು ನುಸುಳಿದ್ದವು’ ಎಂದು ಜಾರಿಕೊಂಡಿರಲೂಬಹುದು. ಆ ಮೇಲ್ ಖಾತೆ ಈಗಿಲ್ಲ, ತೆರೆದು ನೋಡುವಂತಿಲ್ಲ.

ಉತ್ತರ ಎರಡೇ ಸಾಲು. ತಿದ್ದಿದ ಪಟ್ಟಿ ತಲುಪಿತು, ಧನ್ಯವಾದ. ಅದರಲ್ಲಿ ಪ್ರಶ್ನೆ ಇರಲಿಲ್ಲ. ಆಮೇಲೆ ಮೇಲ್ ಬರಲಿಲ್ಲ.

ಅಷ್ಟರಲ್ಲಿ ಹಳೆಯ ಪಟ್ಟಿಯೊಡನೆಯೇ ವರದಿ ಹೊರಬಂದಿತ್ತೋ, ಅವರು ಬೇಸರದಿಂದ ಬರೆಯುವುದನ್ನು ಬಿಟ್ಟರೋ, ಕೆಲಸ ಮುಗಿಯಿತೆಂದು ಬಿಟ್ಟರೋ, ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.