ಹೊಸ ಟೀಚರ ಸ್ಪೀಕರು

ಇಳಕಲ್ಲಿನ ಹೈಸ್ಕೂಲಿನಲ್ಲಿ ನಾನು ಇಪ್ಪತ್ತು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಹೋದ ವರ್ಷ ಬಾಗಲಕೋಟೆಯಿಂದ ವರ್ಗವಾಗಿ ಬಂದ ಹೊಸ ಇಂಗ್ಲಿಷ್ ಟೀಚರು ತರಗತಿಗೆ ಲ್ಯಾಪ್‌ಟಾಪು, ಸ್ಪೀಕರು ತಂದರು. ಕಂಪ್ಯೂಟರು ಹುಟ್ಟಿಸಿದ ದನಿಗಳು ಒಂದೇ ಪಾಠವನ್ನು ಒಮ್ಮೆ ಸ್ಕಾಟ್ಲೆಂಡಿನವರಂತೆ, ಇನ್ನೊಮ್ಮೆ ನೈಜೀರಿಯಾದವರಂತೆ ಓದುತ್ತಿದ್ದವು. ಮಕ್ಕಳು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ನನ್ನ ಪಾಠವನ್ನು ಅವರು ಎಂದೂ ಹಾಗೆ ಕೇಳಿರಲಿಲ್ಲ. ಪಕ್ಕದ ಕೋಣೆಯಲ್ಲಿದ್ದ ನನಗೆ ಹೊಟ್ಟೆ ಉರಿಯುತ್ತಿತ್ತು.

“ಮಷೀನಿನ ಮಾತು ಕೇಳಿದ್ರ ಇಂಗ್ಲಿಷ್ ಬರ್ತೈತೇನ್ರಿ ಮೇಡಂ?” ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೊಂಕು ನುಡಿದೆ. ಅವರು ನಕ್ಕು, ಸ್ಪೀಕರು ಎತ್ತಿಕೊಂಡು ತರಗತಿಗೆ ಹೋದರು.

ಒಂದು ರವಿವಾರ ಗ್ರಾನೈಟ್ ಕಾರ್ಖಾನೆಗೆ ಸ್ಕಾಟ್ಲೆಂಡಿನ ಗಿರಾಕಿಯೊಬ್ಬರು ಬಂದರು. ಅವರ ಮಾತನ್ನು ಕನ್ನಡದಲ್ಲಿ ತಿಳಿಸಲು ಮಾಲೀಕರು ನನ್ನನ್ನು ಕರೆಸಿದರು. ಮೂರು ಸಲ ಕೇಳಿದರೂ ನನಗೆ ಏನೂ ತಿಳಿಯಲಿಲ್ಲ. ಅಲ್ಲೇ ಕೆಲಸ ಮಾಡುವ ಅಪ್ಪನಿಗೆ ಬುತ್ತಿ ತಂದಿದ್ದ ಹೊಸ ಟೀಚರ ಒಂಬತ್ತನೇ ತರಗತಿಯ ಹುಡುಗಿ ಮೆಲ್ಲಗೆ ಹೇಳಿದಳು: “ಸರ್, ಇದಕ್ಕಿಂತ ಕೆಂಪನ ಕಲ್ಲು ಐತೇನಂತ ಕೇಳಾಕತ್ತಾರ್ರಿ.”

ಅವಳನ್ನು ಹೊಗಳಬೇಕಿತ್ತು. ಹೊಗಳಲಿಲ್ಲ. ಟೀಚರ ಮೇಲಿದ್ದ ಹೊಟ್ಟೆಕಿಚ್ಚು ಆ ಹುಡುಗಿಯ ಮೇಲೂ ತಿರುಗಿತು.

ಮರುದಿನ ಟೀಚರ ತರಗತಿಗೆ ಹೋಗಿ, “ನಾನೂ ಕುಂಡ್ರಲೇನ್ರಿ?” ಎಂದೆ. ಅದೇ ಹುಡುಗಿ ಸರಿದು ಜಾಗ ಕೊಟ್ಟಳು.