ಹಣೆಗಿಟ್ಟ ಎಲೆ

ಅಣ್ಣಯ್ಯನ ಎಡಹುಬ್ಬಿನ ಮೇಲೆ, ಹಣೆಯಲ್ಲಿ, ಒಂದು ಅಡ್ಡ ತಗ್ಗು ಇತ್ತು. ಚಪ್ಪರ ಬಿಚ್ಚುವಾಗ ಮೇಲಿನಿಂದ ಜಾರಿದ ಕಬ್ಬಿಣದ ಪೈಪು ಬಡಿದು ಆದ ಗಾಯ. ಇಸ್ಪೀಟಿನ ಎಲೆಯೊಂದಕ್ಕೆ ಉಗುಳು ಸವರಿ ಆ ತಗ್ಗಿಗೆ ಒತ್ತಿ ಹುಬ್ಬು ಗಂಟಿಕ್ಕಿದರೆ ಎಲೆ ಬೀಳದೆ ನಿಲ್ಲುತ್ತಿತ್ತು. ಹಾಗೆಂದು ನನ್ನ ನೆನಪು. ನಮ್ಮ ಆಟದ ಜೊತೆಗಾರ ಗಂಗೊಳ್ಳಿ ಭಾವನನ್ನು ಕೇಳಿದರೆ, "ಎಂತ ಮಾಷ್ಟ್ರೆ, ಅವ್ರೂ ನಮ್ಮಂಗೇ ಸೈಕಲ್ ಟ್ಯೂಬಿನ ಪಟ್ಟಿ ಕಟ್ಕಂತಿದ್ದಿರ್" ಎನ್ನುತ್ತಾನೆ. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುವವನು. ಇಬ್ಬರು ಸಾಕ್ಷಿಗಳು ಬೇರೆ ಬೇರೆ ಹೇಳಿದರೆ ಇಬ್ಬರನ್ನೂ ಅನುಮಾನಿಸುವುದು ಅಭ್ಯಾಸ. ಗಾಯ ಇದ್ದದ್ದಂತೂ ನಿಜ. ಅದು ಅವರ ಫೋಟೋದಲ್ಲಿದೆ.

ಬೀಜಾಡಿಯಲ್ಲಿ ಅವರಿಗೆ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಕಸುಬು. ತೊಂಬತ್ತೆಂಟರಲ್ಲಿ ಕುಂದಾಪುರಕ್ಕೆ ಕೆಲಸಕ್ಕೆ ಬಂದಾಗ ಅವರ ಗೋದಾಮಿನ ಮಾಳಿಗೆಯ ಕೋಣೆ ಹಿಡಿದೆ. ನನ್ನ ಊರು ಬೈಂದೂರು; ನಮಗೂ ಅವರಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೂ ಅವರು ಅಣ್ಣಯ್ಯ, ಅವರ ಹೆಂಡತಿ ಅತ್ತಿಗೆ ಆದರು. ಗಂಗೊಳ್ಳಿ ಭಾವನೂ ಹಾಗೆಯೇ, ಕರೆದು ಕರೆದು ಭಾವನಾದವನು. ಮೀನು ವ್ಯಾಪಾರಿ. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯುವುದಿಲ್ಲ, ಮದುವೆಗಳೂ ಇಲ್ಲ. ಹಾಗಾಗಿ ಭಾನುವಾರ ಮಧ್ಯಾಹ್ನ ಪೇರಿಸಿಟ್ಟ ಕುರ್ಚಿಗಳ ನಡುವೆ ಚಾಪೆ ಹಾಸಿ ಮೂವರೂ ಆಟಕ್ಕೆ ಕೂರುತ್ತಿದ್ದೆವು.

ಅದು ರಮ್ಮಿ ಅಲ್ಲ. ಅಣ್ಣಯ್ಯ ಹರೆಯದಲ್ಲಿ ಬೊಂಬಾಯಿಯ ಹೋಟೆಲಿನಲ್ಲಿದ್ದಾಗ ಹಡಗಿನ ಅಡುಗೆಯವನೊಬ್ಬ ಕಲಿಸಿದ ಪೋಕರ್. ಕುಂದಾಪುರಕ್ಕೆ ಬರುವಷ್ಟರಲ್ಲಿ ಅದರ ಹೆಸರು 'ಹಣೆಎಲೆ' ಆಗಿತ್ತು. ಮೊದಲ ದಿನ ಅವರು ಹೇಳಿಕೊಟ್ಟದ್ದು ಹೀಗೆ:

"ಕಾಣಿ ಮಾಷ್ಟ್ರೆ, ಒಬ್ಬೊಬ್ರಿಗೆ ಐದ್ ಎಲಿ. ಮೊದ್ಲಿಂದ್ ಕಾಣ್ದೇ ಹಣಿಗ್ ಇಟ್ಕಣ್ಕ್. ಅದ್ ನಮ್ಗೆಲ್ಲ ಕಾಣತ್ತ್, ನಿಮ್ಗ್ ಮಾತ್ರ ಕಾಣುದಿಲ್ಲ. ಉಳ್ದ ನಾಲ್ಕ್ ಒಂದೊಂದೇ ಚಾಪಿ ಮೇಲ್ ಬತ್ತ್, ಮುಖ ಮೇಲ್ ಮಾಡ್ಕಂಡ್. ಒಂದೊಂದ್ ಎಲಿ ಬಂದಾಗ್ಳೂ ಪಣ ನಡುವಿಗ್ ಹಾಕಿ, ಇಲ್ದಿರೆ ಎಲಿ ಮಗ್ಚಿ ಪ್ಯಾಕ್ ಮಾಡಿ. ಹಣೆಬರಹ ಅಂದ್ರೆ ಇದೇ ಅಲ್ದಾ? ನಮ್ದ್ ನಮ್ಗ್ ಕಾಣುದಿಲ್ಲ, ಊರಿಗೆಲ್ಲ ಕಾಣತ್ತ್."

ಐದೂ ಎಲೆ ಕೂಡಿಸಿ ನೋಡುವಾಗ ಬಿಡಿ ಎಲೆಗಿಂತ ಜೋಡಿ ದೊಡ್ಡದು, ಜೋಡಿಗಿಂತ ಐದೂ ಸಾಲಾಗಿ ಬರುವ ಸೀಕ್ವೆನ್ಸ್ ಎಷ್ಟೋ ದೊಡ್ಡದು. ನಡುವಿಗೆ ಹಾಕುತ್ತಿದ್ದದ್ದು ಚಪ್ಪರದ ಬೋಲ್ಟುಗಳನ್ನು. ನಮ್ಮ ಹಣೆಯ ಎಲೆ ಯಾವುದೆಂದು ಎದುರಿನವರ ಮುಖ ನೋಡಿಯೇ ತಿಳಿಯಬೇಕು. ಭಾವನ ಮುಖ ತೆರೆದ ಬಾಗಿಲು. ಯಾರ ಹಣೆಯಲ್ಲಾದರೂ ಸಣ್ಣ ಎಲೆ ಕಂಡರೆ ನಗು ತಡೆಯಲಾಗದೆ ಹೆಗಲ ಮೇಲಿನ ಬೈರಾಸು ಕಚ್ಚಿಕೊಳ್ಳುತ್ತಿದ್ದ. ಅಣ್ಣಯ್ಯ ಆಡುವಾಗ ಕರುಣೆಯೇ ಇಲ್ಲದ ಮನುಷ್ಯ. ಒಮ್ಮೆ ನಾನು ಜ್ವರ ಬಿಟ್ಟೆದ್ದು ಬಂದು ಕೂತಾಗ, ಪಾಪ ಎಂದು ಭಾವ ಗೆಲ್ಲುವ ಎಲೆ ಇಟ್ಟುಕೊಂಡೇ ಪ್ಯಾಕ್ ಮಾಡಿದ್ದ. ಅಣ್ಣಯ್ಯ ಎಲೆಗಳನ್ನೆಲ್ಲ ಕಲಸಿಬಿಟ್ಟರು. "ಆಟದಗೆ ಕನಿಕರ ಮಾಡ್ರೆ ಅದ್ ಆಟ ಅಲ್ಲ, ಸಮಾರಾಧನೆ. ಹಸ್ದವ್ರ್ ಮಠಕ್ಕೆ ಹೋಯ್ಲಿ."

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಮಳೆಗಾಲದ ಶುರುವಿನಲ್ಲಿ ಅವರಿಗೆ ಅನ್ನ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡಂತೆ ಆಗತೊಡಗಿತು. ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಆಯಿತು. ಫಲಿತಾಂಶ ಕೇಳಲು ಅತ್ತಿಗೆಯ ಜೊತೆ ನಾನು ಹೋಗಿದ್ದೆ. ಅನ್ನನಾಳದ ಕ್ಯಾನ್ಸರ್, ಆಪರೇಷನ್ ಮಾಡುವ ಹಂತ ದಾಟಿದೆ ಎಂದರು ಡಾಕ್ಟರು.

ಹಿಂದಿರುಗುವಾಗ ಬಸ್ಸು ಬ್ರಹ್ಮಾವರ ದಾಟಿತು. ಅತ್ತಿಗೆ ಕಿಟಕಿಯ ಕಡೆಯೇ ನೋಡುತ್ತ, "ಅವ್ರಿಗೆ ಹುಣ್ಣ್ ಅಂದೇಳಿ ಹೇಳುವ. ಹುಣ್ಣೇ. ಬೇರೆಂತದೂ ಅಲ್ಲ" ಎಂದರು.

"ಅದ್ ಸರಿ ಅಲ್ಲ ಅತ್ತಿಗೆ. ಅವ್ರ ಮೈ, ಅವ್ರಿಗೆ ಗೊತ್ತಾಯ್ಕ್."

"ಅದನ್ನ್ ನಿಮ್ ಕಾಲೇಜಿನಗೆ ಹೇಳಿ. ಅವ್ರಿಗೆ ಗಂಜಿ ಬಡ್ಸುದ್ ನಾನ್." ಈಗ ನನ್ನ ಕಡೆ ತಿರುಗಿದ್ದರು. "ಅವ್ರ ಅಣ್ಣಂಗೆ ಹೀಂಗೇ ಸೀಕ್ ಬಂದಿತ್ತ್. ಇಂಥದ್ದ್ ಅಂದೇಳಿ ಅವ್ರಿಗೆ ಹೇಳದ್ರ್. ಗ್ವಾಡಿ ಬದಿಗ್ ತಿರ್ಗಿ ಮನ್ಕಂಡವ್ರ್ ಮತ್ತೆ ಅನ್ನ ಮುಟ್ಲಿಲ್ಲ. ಸೀಕಿನಗೆ ಸತ್ತದ್ದಲ್ಲ ಅವ್ರ್, ಹಸ್ದ್ ಸತ್ತದ್. ಇವ್ರಿಗೆ ಹಂಗ್ ಆಪುದ್ ಬ್ಯಾಡ. ನನ್ ಮೇಲ್ ಆಣಿ ಮಾಡಿ."

ಆಣೆಯಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಮಾಡಿದೆ. ಸಂಜೆ ಭಾವನಿಂದಲೂ ಮಾಡಿಸಿದರು.

ಮುಂದಿನ ಭಾನುವಾರ ಆಟಕ್ಕೆ ಕೂತಾಗ ಭಾವ ನನ್ನ ಮುಖ ನೋಡಲಿಲ್ಲ, ನಾನು ಅವನ ಮುಖ ನೋಡಲಿಲ್ಲ. ಅಣ್ಣಯ್ಯನ ಕೊರಳು ಅಷ್ಟರಲ್ಲೇ ತೆಳ್ಳಗಾಗಿತ್ತು. ಆ ದಿನ ಎಲೆ ಹಂಚಿದವರು ಅವರೇ. ಅವರ ಹಣೆಗೆ ಬಂದದ್ದು ಕಳಾವರ್ ಎರಡು. ಇಡೀ ಕಟ್ಟಿನಲ್ಲಿ ಅದಕ್ಕಿಂತ ಸಣ್ಣ ಎಲೆ ಇಲ್ಲ. ಬೇರೆ ದಿನವಾಗಿದ್ದರೆ ಭಾವ ಬೈರಾಸು ಹರಿಯುವಂತೆ ಕಚ್ಚುತ್ತಿದ್ದ. ಅವತ್ತು ಅವನ ಕೈ ಬೈರಾಸಿನ ಹತ್ತಿರವೂ ಹೋಗಲಿಲ್ಲ.

ಚಾಪೆಯ ಮೇಲೆ ಅವರಿಗೆ ಎಂಟು, ಒಂಬತ್ತು, ಹತ್ತು ಬಂದವು. ಕೊನೆಗೆ ಗುಲಾಮ. ಹಣೆಯಲ್ಲಿ ಏಳೋ ರಾಣಿಯೋ ಇದ್ದರೆ ಸೀಕ್ವೆನ್ಸ್. ಇಲ್ಲದಿದ್ದರೆ ಏನೂ ಇಲ್ಲ. ಭಾವನ ಮುಂದೆ ಎರಡು ರಾಜ ಬಿದ್ದಿದ್ದವು, ನನ್ನ ಮುಂದೆ ಎರಡು ಒಂಬತ್ತು. ಅಣ್ಣಯ್ಯ ನಮ್ಮಿಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ಬಹಳ ಹೊತ್ತು ನೋಡಿದರು ಅನ್ನಿಸುತ್ತದೆ. ಆಮೇಲೆ ತಮ್ಮ ಬೋಲ್ಟುಗಳನ್ನೆಲ್ಲ ನಡುವಿಗೆ ತಳ್ಳಿದರು.

"ಪ್ಯಾಕ್" ಎಂದ ಭಾವ.

ನಾನೂ ಎಲೆ ಮಗುಚಿದೆ.

ಗೆದ್ದ ಬೋಲ್ಟುಗಳನ್ನು ಅವರು ಎಳೆದುಕೊಳ್ಳಲಿಲ್ಲ. ನಿಧಾನಕ್ಕೆ ಹಣೆಯ ಎಲೆ ತೆಗೆದು ನೋಡಿದರು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿತ್ತು.

"ಎರಡ್" ಎಂದರು. "ಭಾವಾ, ನಿನ್ ಹತ್ರ ಎರಡ್ ರಾಜ ಇದ್ದಿತ್ತಲೆ?"

"ನಂಗ್ ಸಮಾ ಕಾಂಬುಕಾಯ್ಲಿಲ್ಲ ಅಣ್ಣಯ್ಯ."

"ಕಾಂಬುಕಾಯ್ಲಿಲ್ಯಾ! ಮೀನಿನ್ ಕಣ್ಣ್ ಕಂಡ್ ಯಾವತ್ ಹಿಡ್ದದ್ ಅಂದೇಳಿ ಹೇಳುವವ ನೀನ್." ನನ್ನ ಕಡೆ ತಿರುಗಿದರು. "ಮಾಷ್ಟ್ರೆ, ನಿಮ್ದೂ ಜೋಡಿ. ಇಷ್ಟ್ ವರ್ಷದಗೆ ನಂಗ್ ಒಂದ್ ಆಟ ಬಿಟ್ಟ್ ಕೊಟ್ಟವ್ರಲ್ಲ ನೀವ್ ಇಬ್ರೂ. ಇವತ್ ಎಂತಕೆ?"

ಎಲೆ ಕೂಡಿಸಹೋದ ಭಾವನ ಕೈಯನ್ನು ಅಣ್ಣಯ್ಯ ತಡೆದರು.

"ಹುಣ್ಣ್ ಅಲ್ಲ, ಅಲ್ದಾ?"

ಭಾವನ ಕಣ್ಣಿಂದ ನೀರಿಳಿಯಿತು. ನಾನು ಬೋಲ್ಟುಗಳನ್ನು ನೋಡುತ್ತ ಕೂತೆ.

ಆ ಕಳಾವರ್ ಎರಡು ಅವರ ಹಣೆಗೆ ತಾನಾಗಿ ಬಂತೋ, ಹಂಚುವಾಗ ಅವರೇ ತಂದುಕೊಂಡರೋ ನನಗೆ ಇವತ್ತಿಗೂ ತಿಳಿಯದು. ರಾಜನ ಜೋಡಿ ಇಟ್ಟುಕೊಂಡವನು ಎರಡಕ್ಕೆ ಹೆದರಿ ಪ್ಯಾಕ್ ಮಾಡಬೇಕಾದರೆ ಕನಿಕರವಲ್ಲದೆ ಬೇರೆ ಕಾರಣವೇ ಇಲ್ಲ. ನಮ್ಮನ್ನು ಪರೀಕ್ಷಿಸಬೇಕೆಂದರೆ ಅಂಥ ಎಲೆಯೇ ಬೇಕು. ಆದರೆ ಇದು ನಾನು ಆಮೇಲೆ ಕಟ್ಟಿದ ತರ್ಕವೂ ಇರಬಹುದು. ಅವರಿಗೆ ಕೈಚಳಕ ಗೊತ್ತಿತ್ತೆಂದು ಭಾವ ಹೇಳುತ್ತಾನೆ, ನಾನು ಕಂಡದ್ದಿಲ್ಲ.

"ಅವ್ಳ್ ಆಣಿ ಹಾಕ್ಸಿದ್ಳಾ?" ಎಂದು ಕೇಳಿದರು. ಭಾವ ತಲೆಯಾಡಿಸಿದ.

"ಹಂಗಾರೆ ಅಳುದ್ ನಿಲ್ಸ್ ಮರಾಯ. ನೀವ್ ಬಾಯ್ ಬಿಡ್ಲಿಲ್ಲ, ಆಣಿ ತಪ್ಪಲಿಲ್ಲ. ಇನ್ ನನ್ ಆಣಿ ಒಂದ್ ಇತ್ತ್. ನಂಗ್ ಗೊತ್ತಾಯ್ತ್ ಅಂದೇಳಿ ಅವ್ಳಿಗೆ ಹೇಳುಕಾಗ."

"ಎಂತಕೆ ಅಣ್ಣಯ್ಯ?" ಎಂದೆ.

"ಗೊತ್ತಾರೆ ಅವ್ಳಿಗೆ ಗಂಜಿ ಬಡ್ಸುಕೆ ಕೈ ಬಪ್ಪುದಿಲ್ಲ."

ಅಷ್ಟರಲ್ಲಿ ಮನೆಯ ಜಗಲಿಯಿಂದ ಅತ್ತಿಗೆಯ ಕೂಗು ಕೇಳಿತು. "ಹ್ವಾಯ್, ಗಂಜಿ ಆರತ್ತ್!"

ಮೂವರೂ ಬೆಚ್ಚಿದೆವು. ಭಾವ ಬೈರಾಸಿನಿಂದ ಮುಖ ಒತ್ತಿಕೊಂಡ. ಅಣ್ಣಯ್ಯ ಮೊಣಕಾಲು ಹಿಡಿದು ಎದ್ದರು. ಗೋದಾಮಿನ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಮುಖ ಸರಿ ಮಾಡಿಕೊಂಡರು ಎಂದು ಬರೆಯಲು ಹೊರಟೆ. ನನಗೆ ಕಂಡದ್ದು ಅವರ ಬೆನ್ನು ಮಾತ್ರ. "ಬಂದೆ ಮರಾಯ್ತಿ, ಹಸಿವಾತಿತ್ತ್" ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿದೆ.

ಆಮೇಲಿನ ತಿಂಗಳುಗಳಲ್ಲಿ ಅವರು ಉಂಡದ್ದನ್ನು ನಾನು ಎಷ್ಟೋ ಸಲ ಎದುರಿಗೆ ಕೂತು ನೋಡಿದೆ. ನೋಡುವುದೇ ಕಷ್ಟವಾಗುತ್ತಿತ್ತು. ಒಂದು ಚಮಚ ಗಂಜಿ ಇಳಿಯುವಷ್ಟು ಹೊತ್ತು ಎಡಗೈ ಮೇಜಿನ ಅಂಚನ್ನು ಹಿಡಿದಿರುತ್ತಿತ್ತು, ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ. ಅತ್ತಿಗೆ ಒಳಗಿನಿಂದ ಬರುವ ಸದ್ದಾದರೆ ಕೈ ತೊಡೆಯ ಮೇಲೆ. "ಉಪ್ಪ್ ಸಮಾ ಇತ್ತಾ?" "ಲಾಯ್ಕ್ ಇತ್ತ್. ಇನ್ನೊಂಚೂರ್ ಹಾಕ್." ಭಾನುವಾರ ಆಟವೂ ನಡೆಯಿತು. "ಬಿಟ್ಟ್ ಕೊಟ್ರೆ ಎದ್ದ್ ಹೋತೆ" ಎಂದು ಅವರು ಮೊದಲೇ ಹೇಳುತ್ತಿದ್ದರು. ನಾವು ಬಿಟ್ಟುಕೊಡಲಿಲ್ಲ. ಅವರ ಹಣೆಗೆ ಸಣ್ಣ ಎಲೆ ಬಂದರೆ ಭಾವ ಬೈರಾಸು ಕಚ್ಚಿಕೊಳ್ಳುತ್ತಿದ್ದ, ನಗುತ್ತಲೂ ಇದ್ದ. ಅಷ್ಟು ಸಂಕಟದ ನಗುವನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಮದುವೆಗಳು ಮತ್ತೆ ಶುರುವಾಗುವ ಮೊದಲೇ ಅವರು ತೀರಿಕೊಂಡರು.

ಉತ್ತರಕ್ರಿಯೆ, ಬೊಜ್ಜದ ಊಟದ ಗದ್ದಲವೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆಯನ್ನು ನೋಡಲು ಹೋದೆ. ಅವರು ಜಗಲಿಯಲ್ಲಿ ಕೂತಿದ್ದರು. ತುಂಬ ಹೊತ್ತು ಬೇರೆ ಏನೇನೋ ಮಾತಾಡಿ ಕೊನೆಗೆ ಹೇಳಿದರು:

"ಕಡಿವರಿಗೂ ಗಂಜಿ ಬ್ಯಾಡ ಅನ್ಲಿಲ್ಲ ಕಾಣಿ ಅವ್ರ್. ಗೊತ್ತಿಲ್ದಿದ್ದಕ್ಕೇ ಅಲ್ದಾ ಉಂಡದ್? ಬಸ್ಸಿನಗೆ ನೀವ್ ಹೇಳದ್ದಂಗೆ ಮಾಡಿದ್ರೆ ಎಂತ ಆತಿತ್ತ್, ಹೇಳಿ?"

ಅವರು ಸುಮ್ಮನೆ ಕೇಳಿದ್ದಲ್ಲ. ಉತ್ತರಕ್ಕೆ ಕಾಯುತ್ತಿದ್ದರು. ಗೊತ್ತಿದ್ದೂ ಉಂಡರು, ನಿಮಗಾಗಿ ಉಂಡರು ಎನ್ನಬಹುದಿತ್ತು. ಸತ್ಯ ಹೇಳಬೇಕೆಂದು ಜೀವಮಾನವೆಲ್ಲ ಪಾಠ ಮಾಡಿದವನು ನಾನು. ವಾದದಲ್ಲೂ ಗೆಲ್ಲುತ್ತಿದ್ದೆ.

"ನೀವ್ ಮಾಡದ್ದೇ ಸಮ ಅತ್ತಿಗೆ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಗ ಅಲ್ಲಿ ಅವರಿಗೆ ಏನು ಕಂಡಿತೋ ಗೊತ್ತಿಲ್ಲ. ಎದ್ದು ಒಳಗೆ ಹೋಗಿ ಒಂದು ಬಟ್ಟಲು ಗಂಜಿ, ಚಟ್ನಿ ತಂದು ನನ್ನ ಮುಂದಿಟ್ಟರು. ನಾನು ಊಟ ಮಾಡಿಕೊಂಡೇ ಬಂದಿದ್ದೆ. ಬಟ್ಟಲು ಖಾಲಿಯಾಗುವವರೆಗೆ ಉಂಡೆ, ಇನ್ನೊಂಚೂರು ಹಾಕಿ ಎಂದು ಕೇಳಿಯೂ ಉಂಡೆ.