ಜೋಡಿ ಊರಿನ ಗಿರಿಯಪ್ಪ

ನನ್ನ ಗಂಡ ಗಿರಿಯಪ್ಪನವರನ್ನು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಜನ ಗುರುತು ಹಿಡಿಯುತ್ತಾರೆ. ಅದಕ್ಕೆ ಕಾರಣ ಗುಣವಲ್ಲ, ರೂಪವಂತೂ ಮೊದಲೇ ಅಲ್ಲ. ಈ ಮೂರು ಊರುಗಳ ನಡುವೆ ಓಡುವ ಪ್ರೈವೇಟ್ ಬಸ್ಸಿನಲ್ಲಿ ಅವರು ಬಹಳ ವರ್ಷ ಕಂಡಕ್ಟರ್ ಆಗಿದ್ದರು. ಟಿಕೆಟ್ ಹರಿಯುತ್ತಲೇ ಒಂದು ಹುಚ್ಚು ಆಟ ಕಟ್ಟಿಕೊಂಡಿದ್ದರು. ಅದರ ಹೆಸರು ಜೋಡಿ ಊರು. ನೀವು ಒಂದು ಊರಿನ ಹೆಸರು ಹೇಳಬೇಕು, ಅದರ ಬಾಲಕ್ಕೆ ಪ್ರಾಸವಾಗುವ ಇನ್ನೊಂದು ಊರನ್ನು ಅವರು ಹೇಳಬೇಕು, ಆಮೇಲೆ ಮತ್ತೆ ನಿಮ್ಮ ಪಾಳಿ. ಹೊಸದುರ್ಗ ಅಂದರೆ ಚಿತ್ರದುರ್ಗ. ಚನ್ನಗಿರಿ ಅಂದರೆ ಮಧುಗಿರಿ. ಯಾರಿಗೆ ಹೆಸರು ಹೊಳೆಯುವುದಿಲ್ಲವೋ ಅವರು ಬೀರೂರಿನಲ್ಲಿ ಟೀ ಕೊಡಿಸಬೇಕು.

ಆ ಆಟಕ್ಕೆ ಕಾನೂನು ಬೇರೆ ಕೇಡು! ಬಸ್ಸು ಹೋಗದ ಊರು ಲೆಕ್ಕಕ್ಕಿಲ್ಲವಂತೆ. ‘ಊರು’ ಅಂತ ಮುಗಿಯುವ ಹೆಸರನ್ನು ದೊಡ್ಡವರು ಹೇಳುವಂತಿಲ್ಲವಂತೆ. ಬೀರೂರು, ಬೇಲೂರು, ಆಲೂರು ಎಂದು ಮೈಸೂರಿನವರೆಗೂ ಹೇಳುತ್ತಲೇ ಹೋಗಬಹುದಾದ್ದರಿಂದ ಅದು ಅಮ್ಮಂದಿರ ತೊಡೆಯ ಮೇಲೆ ಕೂತ ಮಕ್ಕಳಿಗೆ ಮಾತ್ರ. ಕಡೂರಿನಲ್ಲಿ ಹತ್ತಿದ ಮೇಷ್ಟ್ರು, ಸಖರಾಯಪಟ್ಟಣದ ಎಳನೀರು ವ್ಯಾಪಾರಿ, ಸಂತೆಗೆ ಕುರಿ ಹೊಡೆದುಕೊಂಡು ಬಂದವರು, ಎಲ್ಲರೂ ಈ ಆಟಕ್ಕೆ ಬೀಳುತ್ತಿದ್ದರು. ಇವರು ಗೆದ್ದರೆ ಇಡೀ ಬಸ್ಸಿಗೆ ಸುದ್ದಿ. ಸೋಲುವ ಹಾಗಾದರೆ ಮಾತ್ರ ಒಂದು ನಾಟಕ: ಕಣ್ಣು ಮುಚ್ಚಿ, ತಲೆ ವಾಲಿಸಿ, ನಿದ್ದೆ ಹೋದವರ ಹಾಗೆ ಸೀಟಿಗೆ ಒರಗಿಬಿಡುವುದು. ಮುಂದಿನ ಸ್ಟಾಪು ಬರುವವರೆಗೂ ಏಳುತ್ತಿರಲಿಲ್ಲ.

ನನಗೆ ಆ ಆಟ ಕಂಡರೆ ಮೈ ಉರಿಯುತ್ತಿತ್ತು. ನಮ್ಮೂರು ಯಗಟಿ. ಹೆಣ್ಣು ನೋಡಲು ಬಂದ ದಿನ ನನ್ನ ಹೆಸರು ಕೇಳುವುದು ಬಿಟ್ಟು, “ನಿಮ್ಮೂರಿಗೆ ಜೋಡೀನೇ ಇಲ್ವಲ್ರೀ” ಅಂದ ಭೂಪ ಇವರು. ನಮ್ಮಪ್ಪ ನಕ್ಕರು, ನಾನು ನಗಲಿಲ್ಲ. ಮದುವೆಯಾದ ಮೇಲೆ ಊಟಕ್ಕೆ ಕೂತರೂ ಊರು, ಮಲಗಿದರೂ ಊರು. ಸಾರಿಗೆ ಉಪ್ಪು ಕಮ್ಮಿಯಾಗಿದೆಯೇ ಅಂತ ಕೇಳಿದರೆ ಶಿಕಾರಿಪುರಕ್ಕೆ ಜೋಡಿ ಹುಡುಕುತ್ತಿರುತ್ತಿದ್ದರು. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದಮೇಲೆ ಇವರ ಬಸ್ಸಿನಲ್ಲಿ ಜನ ಕಮ್ಮಿಯಾಯಿತು, ಇವರೂ ಕೆಲಸ ಬಿಟ್ಟು ಬುಕ್ಕಾಂಬುಧಿಯಲ್ಲಿ ತಮ್ಮ ಪಾಲಿಗೆ ಬಂದ ತೆಂಗಿನ ತೋಟ ನೋಡಿಕೊಂಡು ನಿಂತರು. ಇನ್ನಾದರೂ ಆಟ ತಪ್ಪಿತಲ್ಲ ಅಂದುಕೊಂಡರೆ, ಎದುರಾಳಿಯ ಜಾಗದಲ್ಲಿ ನಾನೇ ಕೂರಬೇಕಾಯಿತು.

ಹೋದ ಗೌರಿ ಹಬ್ಬಕ್ಕೆ ಮುಂಚೆ, ಒಂದು ಬೆಳಿಗ್ಗೆ. ತೋಟದಲ್ಲಿ ಬಿದ್ದಿದ್ದ ಒಣಗರಿಗಳನ್ನು ಎಳೆದು ಒಂದು ಕಡೆ ಹಾಕುತ್ತಿದ್ದೆವು. ಇವರು ರಾಶಿಯ ಅಡಿಗೆ ಕೈ ಹಾಕಿದವರು ಹಾ ಎಂದು ಕೈ ಕೊಡವಿಕೊಂಡರು.

“ಏನಾಯ್ತ್ರೀ?”

“ಏನೋ ಚುಚ್ತು ಕಣೇ. ಗರಿ ಸಿಬುರಿರ್ಬೇಕು.”

ಸಿಬುರಲ್ಲ. ರಾಶಿಯ ಆ ಬದಿಯಿಂದ ನಾಗರ ಹರಿದು ಬದುವಿನ ಕಡೆ ಹೋದದ್ದನ್ನು ನನ್ನ ಕಣ್ಣಾರೆ ನೋಡಿದೆ. ನಾನು ಕಿರುಚಿದ ರಭಸಕ್ಕೆ ಪಕ್ಕದ ತೋಟದ ಭೈರೇಶ ಓಡಿ ಬಂದ. ಕಾಯಿ ಸಾಗಿಸಲು ಅವನ ಹತ್ತಿರ ಒಂದು ಹಳೇ ಓಮ್ನಿ ಇದೆ. ಸೀಟಿನ ಮೇಲಿದ್ದ ಕಾಯಿಯನ್ನೆಲ್ಲ ಉರುಳಿಸಿ ಇವರನ್ನು ಕೂರಿಸಿದೆವು. ಭೈರೇಶ ಗಾಡಿ ಓಡಿಸುತ್ತಲೇ 108ಕ್ಕೆ ಫೋನು ಹಚ್ಚಿದ. ಆ ಕಡೆಯವರು ಅಂದರು: ಕೈ ಅಲ್ಲಾಡಿಸಬೇಡಿ, ಬಿಗಿಯಾಗಿ ಕಟ್ಟಬೇಡಿ, ನೆಟ್ಟಗೆ ಅಜ್ಜಂಪುರದ ಆಸ್ಪತ್ರೆಗೆ ಹೋಗಿ. ದಾರಿಯುದ್ದಕ್ಕೂ ಮಾತಾಡಿಸುತ್ತಲೇ ಇರಿ. ಮಾತು ತೊದಲಿದರೆ, ರೆಪ್ಪೆ ಜೋತರೆ, ಆಸ್ಪತ್ರೆಗೆ ಹೋದ ತಕ್ಷಣ ಅದನ್ನೇ ಮೊದಲು ಹೇಳಿ.

ಮಾತಾಡಿಸಿ ಅಂದರೆ ಏನು ಮಾತಾಡಿಸುವುದು? ಸಾವಿನ ಭಯದಲ್ಲಿ ಗಂಡ ಹೆಂಡತಿಗೆ ಮಾತು ಎಲ್ಲಿಂದ ಬರುತ್ತದೆ? ನನ್ನ ಬಾಯಿಗೆ ಬಂದದ್ದು ಒಂದೇ.

“ರೀ, ತರೀಕೆರೆ.”

ಇವರು ನನ್ನ ಮುಖ ನೋಡಿದರು. ನಾನಾಗಿ ಆಟ ಶುರು ಮಾಡಿದ್ದು ಅದೇ ಮೊದಲು.

“ಅರಸೀಕೆರೆ” ಅಂದರು. ದನಿ ಗಟ್ಟಿಯಾಗಿಯೇ ಇತ್ತು. “ಚಳ್ಳಕೆರೆ ಹೇಳ್ಬೇಡ, ಅದು ಎಲ್ರೂ ಹೇಳ್ತಾರೆ.”

“ಬಾವಿಕೆರೆ.”

“ಆಹಾ! ಪರ್ವಾಗಿಲ್ವೇ” ಅಂದು ನಕ್ಕರು. ಹಾವು ಕಚ್ಚಿದ ಮನುಷ್ಯ ನಗುತ್ತಾನೆ ಅಂದರೆ ವಿಷ ಬಿದ್ದಿಲ್ಲವೇನೋ ಅಂತ ನನಗೂ ಒಂದು ಚೂರು ಧೈರ್ಯ ಬಂತು. ಭೈರೇಶನೂ, “ಹಂಗೇ ಆಡಿ ಅಕ್ಕ, ನಾನು ಬಿಡ್ತೀನಿ ಗಾಡಿನ” ಅಂದು ಇನ್ನಷ್ಟು ಜೋರಾಗಿ ಹೊಡೆದ.

ಸಖರಾಯಪಟ್ಟಣ ಅಂದೆ. ಚನ್ನಪಟ್ಟಣ ಅಂದರು. ಶ್ರೀರಂಗಪಟ್ಟಣ ಅಂದೆ. ಇವರು ಉತ್ತರ ಕೊಡುವ ಹೊತ್ತಿಗೆ ಒಂದು ಹಳ್ಳವೇ ದಾಟಿ ಹೋಯಿತು. “ಪಿರಿಯಾಪಟ್ಟಣ” ಅಂದರು, ನಾಲಿಗೆಗೆ ಬಿಸಿ ಅನ್ನ ಸಿಕ್ಕವರ ಹಾಗೆ. ನಾನು ಬೇಗ ಬೇಗ, “ಅಜ್ಜಂಪುರ” ಅಂದೆ. ನೋಡಿದರೆ ಕಣ್ಣು ಮುಚ್ಚಿ ತಲೆ ವಾಲಿಸಿದ್ದಾರೆ.

ಭೈರೇಶ ಕನ್ನಡಿಯಲ್ಲಿ ನೋಡಿ, “ಸೋತ್ರು ನೋಡಕ್ಕ, ಶುರುವಾಯ್ತು ನಾಟಕ” ಅಂದ. ನನಗೂ ಹಾಗೇ ಅನ್ನಿಸಿತು. ಅನ್ನಿಸದೆ ಏನು? ಆ ವಾಲಿದ ತಲೆಯನ್ನು ಎಷ್ಟು ವರ್ಷ ನೋಡಿಲ್ಲ ನಾನು! “ಏ ಏಳ್ರೀ, ಈ ಹೊತ್ತಲ್ಲೂ ನಿಮ್ಮ ಕಳ್ಳ ನಿದ್ದೆ ಬಿಡಲ್ವಲ್ಲ” ಅಂತ ಬೈದು ಭುಜ ತಟ್ಟಿದೆ. ಇವರ ಬಾಯಿಯ ಕೊನೆಯಿಂದ ಜೊಲ್ಲು ಇಳಿಯಿತು. ಎರಡು ಬೆರಳಲ್ಲಿ ರೆಪ್ಪೆ ಎತ್ತಿದೆ. ಒಳಗೆ ಕಣ್ಣು ನನ್ನನ್ನೇ ನೋಡುತ್ತಿತ್ತು. ಬೆರಳು ತೆಗೆದ ಕೂಡಲೇ ರೆಪ್ಪೆ ಪಟಕ್ಕನೆ ಬಿದ್ದುಹೋಯಿತು.

“ಭೈರೇಶಾ, ನಾಟಕ ಅಲ್ಲ ಕಣೋ! ಓಡ್ಸೋ!”

ಅಜ್ಜಂಪುರದಲ್ಲಿ ನಾವು ಇಳಿಯುವ ಮೊದಲೇ ಸ್ಟ್ರೆಚರ್ ತಂದರು. ರೆಪ್ಪೆ ಬಿದ್ದದ್ದನ್ನು ಹೇಳಿದೆ. ಔಷಧ ಹಾಕಿ, ಉಸಿರು ತುಂಬಲು ಬಾಯಿಗೆ ರಬ್ಬರಿನ ಚೀಲ ಹಿಡಿದು ಒತ್ತುತ್ತ ಆಂಬುಲೆನ್ಸಿನಲ್ಲಿ ತರೀಕೆರೆಗೆ ಸಾಗಿಸಿದರು. ಅಲ್ಲಿ ಗಂಟಲಿಗೆ ಕೊಳವೆ ಇಳಿಸಿ ಉಸಿರಾಟದ ಮಷೀನಿಗೆ ಹಾಕಿದರು. ಅಷ್ಟು ಮಾತಿನ ಮನುಷ್ಯನ ಬಾಯಿಗೆ ಕೊಳವೆ.

ಡಾಕ್ಟರ್ ಹೇಮಶ್ರೀ ಅಂತ, ಇನ್ನೂ ಚಿಕ್ಕ ವಯಸ್ಸು. ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿ ಹೇಳಿದರು: “ಅಮ್ಮ, ವಿಷ ನರಕ್ಕೆ ಹತ್ತಿದೆ. ರೆಪ್ಪೆ, ನಾಲಿಗೆ, ಕೈಕಾಲು ಯಾವ್ದೂ ಅಲ್ಲಾಡಲ್ಲ. ಔಷಧ ಕೊಟ್ಟಿದೀವಿ, ವಿಷ ಬಿಡೋಕೆ ಟೈಮ್ ಬೇಕು. ನೋಡೋಕೆ ಹೋದವರ ಹಾಗೆ ಕಾಣ್ತಾರೆ, ಆದ್ರೆ ಒಳಗೆ ಎಚ್ಚರ ಇರ್ಬೋದು. ಮಾತಾಡಿಸ್ತಾ ಇರಿ.”

“ಬದುಕ್ತಾರಾ?”

“ಈಗ್ಲೇ ಮಾತು ಕೊಡೋಕಾಗಲ್ಲಮ್ಮ. ಮಷೀನಿಂದ ತೆಗೆದ್ರೆ ಮಾತ್ರ ಖಂಡಿತ ಉಳಿಯಲ್ಲ.”

ಮಧ್ಯಾಹ್ನದ ಹೊತ್ತಿಗೆ ಭಾವ ಬಂದರು. ಇವರ ಅಣ್ಣ, ಈರಭದ್ರಪ್ಪ. ತಮ್ಮನೆಂದರೆ ಪ್ರಾಣ. ಬಂದವರೇ ತಮ್ಮನ ಅಂಗಾಲು ಮುಟ್ಟಿದರು, ಕೆನ್ನೆ ತಟ್ಟಿದರು, “ಗಿರೀ, ಗಿರೀ” ಅಂತ ಕಿವಿಯಲ್ಲಿ ಕೂಗಿದರು. ಮಷೀನಿನ ಸದ್ದು ಬಿಟ್ಟರೆ ಇನ್ನೇನಿಲ್ಲ. ನನ್ನ ಕಡೆ ತಿರುಗಿದರು.

“ಹಾಲಮ್ಮ, ಕಾರು ತಂದಿದೀನಿ. ಮನೆಗೆ ಕರ್ಕೊಂಡ್ ಹೋಗಾಣ.”

“ಯಾಕೆ ಭಾವ?”

“ಯಾಕೆ ಅಂತ ನಿಂಗೊತ್ತು. ಉಸಿರಾಡ್ತಿರೋದು ಮಷೀನು, ಇವನಲ್ಲ.”

ಗೊತ್ತಿತ್ತು. ನಮ್ಮ ಕಡೆ ಹೊರಗೆ ಜೀವ ಹೋದವರನ್ನು ಮನೆಯ ಹೊಸ್ತಿಲೊಳಗೆ ತರುವುದಿಲ್ಲ. ನಮ್ಮ ಮಾವ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಊರಾಚೆ ಹುಣಸೆಮರದ ಕೆಳಗೆ ಮಲಗಿಸಿದ್ದರು. ಅವರೇ ಕಟ್ಟಿಸಿದ ಮನೆ ಕಣ್ಣೆದುರಿಗೇ ಇತ್ತು. ಧೋ ಎನ್ನುವ ಮಳೆಯಲ್ಲಿ ಇದೇ ಭಾವ ಹೆಣದ ಮೇಲೆ ಟಾರ್ಪಾಲು ಹಿಡಿದು ನಿಂತಿದ್ದರು. ಅದನ್ನು ಅವರು ಮರೆತಿಲ್ಲ, ಮರೆಯುವವರೂ ಅಲ್ಲ.

“ಇನ್ನೂ ಜೀವ ಇದೆ ಅನ್ನೋವಾಗ್ಲೇ ಹೊಸ್ತಿಲು ದಾಟಿಸ್ಬೇಕು ಕಣಮ್ಮ. ನನ್ನ ತಮ್ಮನ್ನೂ ಮರದ ಕೆಳಗೆ ಮಲಗ್ಸಾಕೆ ನನ್ನ ಕೈಲಾಗಲ್ಲ. ನೀನು ಹೂಂ ಅಂದ್ರೆ ಡಾಕ್ಟ್ರ ಹತ್ರ ನಾನು ಮಾತಾಡ್ತೀನಿ.”

“ಇವರಿಗೆ ಕೇಳಿಸ್ತಿದೆಯಂತೆ ಭಾವ. ಸುಮ್ನಿರಿ.”

“ಅವರು ಸಮಾಧಾನಕ್ಕೆ ಹಂಗಂತಾರೆ. ಸಂಜೆ ಒಳಗೆ ಏನಾದ್ರೂ ಆಗಿಹೋದ್ರೆ ಊರು ನಿನ್ನೇ ಕೇಳೋದು. ಹಟ ಹಿಡಿದು ಗಂಡನ್ನ ಬೀದಿಗೆ ಹಾಕಿದ್ಲು ಅಂತಾರೆ.”

“ಅನ್ಲಿ! ನಾನು ಹೂಂ ಅನ್ನಲ್ಲ. ಆ ಕಾರು ವಾಪಸ್ ಕಳ್ಸಿ!” ಅಂತ ವಾರ್ಡು ನಡುಗುವ ಹಾಗೆ ಕೂಗಿಬಿಟ್ಟೆ. ಮದುವೆಯಾದಾಗಿನಿಂದ ಭಾವನ ಎದುರು ದನಿ ಎತ್ತಿದವಳಲ್ಲ ನಾನು. ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಕಾರನ್ನು ಮಾತ್ರ ಕಳಿಸಲಿಲ್ಲ. ಕಿಟಕಿಯಿಂದ ಕಾಣುತ್ತಿತ್ತು, ಬೇವಿನ ಮರದ ನೆರಳಲ್ಲಿ ಬಾಗಿಲು ತೆರೆದುಕೊಂಡೇ ನಿಂತಿತ್ತು.

ಕೂಗುವುದೇನೋ ಕೂಗಿದೆ, ಧೈರ್ಯವಿತ್ತೇ? ಮಣ್ಣು. ನಾನು ತಪ್ಪಿದರೆ ಇವರು ಮರದ ಕೆಳಗೆ ಮಲಗಬೇಕು, ಸಾಯುವವರೆಗೂ ಆ ಮಾತು ನಾನು ಹೊರಬೇಕು. ಭಾವ ತಪ್ಪಿದರೆ ಬದುಕಿರುವವರನ್ನು ನಾವೇ ಕೈಯಾರೆ ಕೊಂದ ಹಾಗೆ. ಇವರ ಕೈ ಹಿಡಿದುಕೊಂಡು, “ಒಂದು ಬೆರಳಾದ್ರೂ ಅಲ್ಲಾಡ್ಸಿ ರೀ, ನಿಮ್ಮ ದಮ್ಮಯ್ಯ” ಅಂದೆ. ಏನೂ ಇಲ್ಲ. ಆಮೇಲೆ ಆಟ ಶುರು ಮಾಡಿದೆ. ನನ್ನ ಪಾಳಿಯೂ ನಾನೇ, ಇವರ ಪಾಳಿಯೂ ನಾನೇ. ಅಜ್ಜಂಪುರ, ಅಮೃತಾಪುರ, ಶಿಕಾರಿಪುರ. ಒಂದೊಂದು ಊರು ಹೇಳಿ ಇವರು ಉತ್ತರ ಕೊಡುವಷ್ಟು ಹೊತ್ತು ಬಿಡುತ್ತಿದ್ದೆ, ಆಮೇಲೆ ನಾನೇ ಹೇಳುತ್ತಿದ್ದೆ. ಲಿಂಗದಹಳ್ಳಿ, ಪಂಚನಹಳ್ಳಿ. ಪಕ್ಕದ ಹಾಸಿಗೆಯವರು ಅಯ್ಯೋ ಪಾಪ, ತಲೆ ಕೆಟ್ಟಿತು ಅಂತ ನೋಡಿದರು. ನೋಡಲಿ. ಹೇಳಲು ಊರೇ ಉಳಿಯದಿದ್ದಾಗ ಮಕ್ಕಳ ಆಟಕ್ಕೆ ಇಳಿದೆ. ಕಡೂರು, ಬೀರೂರು, ಬೇಲೂರು, ಆಲೂರು. ಇದಕ್ಕಾದರೂ ಸಿಟ್ಟು ಬಂದು ಏಳಲಿ ಅಂತ.

ಸಂಜೆ ಬಿಸಿಲು ಇಳಿಯುವಾಗ ಭಾವ ಒಳಗೆ ಬಂದರು. ನನ್ನ ಗಂಟಲು ಕಟ್ಟಿತ್ತು, ಬರೀ ಗಾಳಿ ಬರುತ್ತಿತ್ತು. ಕರೆದುಕೊಂಡು ಹೋಗೋಣ ಅಂತ ಈ ಸಲ ಅನ್ನಲಿಲ್ಲ. ಕಾಲ ದೆಸೆಯಲ್ಲಿ ನಿಂತು ಬಹಳ ಹೊತ್ತು ನನ್ನ ಬಾಯನ್ನೇ ನೋಡಿದರು.

“ಕೇಳಿಸ್ತದೆ ಅಂತ ನಿಜ್ವಾಗ್ಲೂ ನಂಬಿದೀಯಾ?”

ತಲೆಯಾಡಿಸಿದೆ. ಅವರು ತಮ್ಮನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿದರು. ಆಟ ಅವರಿಗೆ ಬರುತ್ತಿರಲಿಲ್ಲ, ಜನ್ಮದಲ್ಲಿ ಆಡಿದವರಲ್ಲ. “ಲೇ ಗಿರೀ, ಬುಕ್ಕಾಂಬುಧಿ ಕಣೋ. ಏನಾದ್ರೂ ಹೇಳೋ” ಅಂದರು. ಅಷ್ಟು ಹೊತ್ತಿಗೇ ಅವರ ದನಿ ಒಡೆದುಹೋಯಿತು.

ಮರುಕ್ಷಣ ಕೆಂಡ ಮುಟ್ಟಿದವರ ಹಾಗೆ ಕೈ ತೆಗೆದರು. ಮತ್ತೆ ಹಿಡಿದರು.

“ಹಾಲಮ್ಮಾ, ಹೆಬ್ಬೆರಳು… ಇದು… ಅಲ್ಲಾಡ್ತು ಕಣಮ್ಮ! ಅಯ್ಯೋ, ಮತ್ತೆ! ಡಾಕ್ಟ್ರೇ! ಡಾಕ್ಟ್ರಮ್ಮಾ!”

ಹೇಮಶ್ರೀಯವರು ಓಡಿ ಬಂದರು. ಹೆಬ್ಬೆರಳು ಅಲ್ಲಾಡುತ್ತಿದ್ದದ್ದು ನಿಜ. ಅವರು ಹೇಳಿದ ಹಾಗೇ ಔಷಧ ಹಿಡಿಯುತ್ತ ಬಂದಿತ್ತು. ಭಾವ ಹೊರಗೆ ಹೋಗಿ ಕಾರನ್ನು ಕಳಿಸಿ ಬಂದರು. ಕಿಟಕಿಯಾಚೆ ಬೇವಿನ ಮರ ಒಂದೇ ಉಳಿದಿದ್ದನ್ನು ನೋಡಿ ನನಗೆ ತಡೆಯಲಾರದ ಅಳು ಬಂತು.

ಕೊಳವೆ ತೆಗೆದ ದಿನ ಇವರಿಗೆ ಮಾತು ಪಿಸುಗುಟ್ಟುವಷ್ಟು ಮಾತ್ರ ಬರುತ್ತಿತ್ತು. ಚಮಚದಲ್ಲಿ ನೀರು ಹಾಕಿದೆ. ನನ್ನನ್ನೇ ನೋಡುತ್ತ, “ಅಮೃತಾಪುರ ಎರಡು ಸಲ ಹೇಳ್ದೆ ನೀನು” ಅಂದರು.

“ಥೂ ನಿಮ್ಮ! ಅದೂ ಕೇಳಿಸ್ತಾ?”

“ಎಲ್ಲಾ ಕೇಳಿಸ್ತು ಕಣೇ. ಎಲ್ಲಾದಕ್ಕೂ ಉತ್ತರ ಇತ್ತು. ಬಾಯೇ ಬರ್ಲಿಲ್ಲ.” ಸ್ವಲ್ಪ ಸುಧಾರಿಸಿಕೊಂಡರು. ಕಣ್ಣಿನ ಕೊನೆಯಲ್ಲಿ ನೀರು ಬಂತು. “ಕಾರು ತಂದಿದೀನಿ ಅಂದಿದ್ದೂ ಕೇಳಿಸ್ತು. ಇದೀನಿ ಕಣೋ ಅಣ್ಣಾ, ಕಳಿಸ್ಬೇಡ ಕಣೋ ಅಂತ ಒಳಗೇ ಅರಚ್ಕೊಂಡೆ, ಅರಚ್ಕೊಂಡೆ. ಅವನಿಗೆ ಹೇಳ್ಬೇಡ ಹಾಲೀ. ಪಾಪ, ಸತ್ತೇ ಹೋಗ್ತಾನೆ.”

ನಾನು ಬಾಗಿಲ ಕಡೆ ನೋಡಿದೆ. ಭಾವ ಅಲ್ಲೇ ನಿಂತಿದ್ದರು, ತಮ್ಮನಿಗೆ ಅಂತ ತಂದ ಎಳನೀರನ್ನು ಎದೆಗೆ ಒತ್ತಿಕೊಂಡು.